ಕುರಕುಂಭದ ಗಾಡಿಗೆ ಗಾಳಿಯ ಅಳತೆ: ಹಣಮಂತ್ರಾಯರ ಸೇವೆಯ ಒಂದು ನೆನಪು

ಪುಣೆಯಲ್ಲಿ ಡೀಸೆಲ್ ಎಂಜಿನ್ನಿಗೆ ಟರ್ಬೊ ಕೂಡಿಸುವ ವಿದ್ಯೆಯನ್ನು ಕೈಯಿಂದ ಕಲಿತು ಕೈಯಿಂದಲೇ ಕಲಿಸಿದ ಕನ್ನಡಿಗರ ಹೆಸರು ಹೇಳುವಾಗ ಮೊದಲು ಬಾಯಿಗೆ ಬರುವುದು ಶ್ರೀ ಹಣಮಂತ್ರಾಯರದು. ಪುಸ್ತಕ ಓದಿ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರು. ಆದರೆ ತಿಳಿಯದ್ದನ್ನು ತಿಳಿಯದು ಎಂದು ನಾಲ್ವರ ಎದುರು ಹೇಳಿ, ತಿಳಿಯುವ ತನಕ ಗಾಡಿಯ ಮುಂದಿನಿಂದ ಏಳದ ಅವರಂಥವರು ವಿರಳ.

ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ತಾಯಿ ಅಂಬಾಬಾಯಿಯವರ ಸೆರಗು ಹಿಡಿದು ಈ ಊರು ಕಂಡ ಅವರು, ಎಪ್ಪತ್ನಾಲ್ಕರಲ್ಲಿ ಶಿವಾಜಿನಗರದ ಸ್ಟೇಶನ್ನಿನ ಹಿಂದಿನ ಏಕನಾಥ ಶೇಠರ ಗ್ಯಾರೇಜಿಗೆ ಸೇರಿ, ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುತ್ತ ತೊಳೆಯುತ್ತಲೇ ಹಿರಿಯ ಮಿಸ್ತ್ರಿಯಾದರು. ಜೊತೆಯ ಕೆಲಸಗಾರ ಸುಬ್ಬಯ್ಯನ ಬೆರಳು ಲೇಥಿಗೆ ಸಿಕ್ಕಾಗ, ಎರಡು ತಿಂಗಳು ತಮ್ಮ ಪಾಳಿ ಮುಗಿಸಿ ಅವನ ಪಾಳಿಯನ್ನೂ ತಾವೇ ದುಡಿದು, ಆ ಜಾಗಕ್ಕೆ ಬೇರೆ ಯಾರೂ ಬಾರದಂತೆ ಕಾದರು. ಇಂಥವು ಹಲವು. ಆದರೆ ಅವರ ಗುಣ ಪೂರ್ತಿ ಕಂಡದ್ದು ತೊಂಬತ್ತೊಂಬತ್ತನೆಯ ಇಸವಿಯ ದಸರೆಯ ಮುಂದೆ ಹಿಂದೆ.

ಕುರಕುಂಭದ ಒಂದು ರಸಾಯನ ಕಾರ್ಖಾನೆಯವರು, ಕೆಲಸದಲ್ಲಿ ಗಾಯಗೊಂಡವರನ್ನು ಪುಣೆಯ ದವಾಖಾನೆಗೆ ಬೇಗ ಮುಟ್ಟಿಸಲೆಂದು ತಮ್ಮ ದೊಡ್ಡ ಡೀಸೆಲ್ ಕಾರಿಗೆ ನಮ್ಮ ಗ್ಯಾರೇಜಿನಲ್ಲಿ ಟರ್ಬೊ ಹಾಕಿಸಿದರು. ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಅದೇ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ. ಒತ್ತಡ ಕಡಿಮೆಯಾದರೆ ಗಾಡಿ ಏಳದು, ಹೆಚ್ಚಾದರೆ ಎಂಜಿನ್ ಉಳಿಯದು. ಅದನ್ನು ಹದದಲ್ಲಿಡಲು ಮೂರು ದಾರಿಗಳಿದ್ದವು: ಒತ್ತಡ ಮಿತಿ ಮೀರಿದರೆ ಬಾಗಿಲು ತೆರೆದು ಹೊಗೆಯನ್ನು ಹೊರಬಿಡುವ, ಒಳಗೆ ಸ್ಪ್ರಿಂಗ್ ಇರುವ ಮುಚ್ಚಿದ ಡಬ್ಬಿಯೊಂದನ್ನೇ ನಂಬುವುದು, ಡಬ್ಬಿಗೆ ಹೋಗುವ ನಳಿಗೆಯಲ್ಲಿ ಹಿತ್ತಾಳೆಯ ತಿರುಪು ಕೂಡಿಸಿ ಒತ್ತಡ ಏರಿಸುವುದು, ಇಲ್ಲವೆ ಕರೆಂಟಿನ ಕವಾಟ ಕೂಡಿಸುವುದು. ಕರೆಂಟಿನದು ಕಾರ್ಖಾನೆಯ ಆಮ್ಲದ ಹಬೆಗೆ ತಾಳಲಿಕ್ಕಿಲ್ಲ ಎಂದು ಹಣಮಂತ್ರಾಯರು ಬಿಟ್ಟರು. ಉಳಿದೆರಡರ ನಡುವೆ ವಾರಗಟ್ಟಲೆ ತೂಗಾಡಿ ಕೊನೆಗೆ ತಿರುಪು ಹಾಕಿದರು. ಯಾರಾದರೂ ತಿರುವಿದರೆ ಗೊತ್ತಾಗಲೆಂದು ಅದರ ಮೇಲೊಂದು ಕೆಂಪು ಬಣ್ಣದ ಗೆರೆಯನ್ನೂ ಎಳೆದರು.

ದಸರೆಗೆ ಸರ್ವಿಸಿಗೆ ಬಂದು ಹೋದ ಗಾಡಿ ಎಂಟೇ ದಿನಕ್ಕೆ ಮರಳಿ ಬಂತು. ಕಾರ್ಖಾನೆಯ ವಾಹನಗಳ ಅಧಿಕಾರಿ ಕಿಶೋರ ಕೈಯಲ್ಲಿ ದೂರಿನ ಕಾಗದ ಹಿಡಿದೇ ಇಳಿದರು.

"ಗಾಡಿ ಸತ್ತದರೀ, ಜೋರೇ ಇಲ್ಲ. ಡ್ರೈವರ್ ಏನರ ಮಾಡ್ಯಾನೇನ ನೋಡ್ರಿ."

ಹಣಮಂತ್ರಾಯರು ಬಾನೆಟ್ ಎತ್ತಿದರು. ಗೆರೆ ಕದಡಿ ಹೋಗಿತ್ತು. "ತಿರುಪಿಗೆ ಕೈ ಬಿದ್ದದ," ಎಂದುಬಿಟ್ಟರು.

ಡ್ರೈವರ್ ಕಾಶಪ್ಪ ಮುಖ ಕಪ್ಪಿಟ್ಟು, "ನಮ್ಮವ್ವನಾಣಿ ಮುಟ್ಟಿಲ್ರೀ ಕಾಕಾ," ಎಂದ. "ತಿರುಪು ಕಂಡು ತಿರುವದ ಡ್ರೈವರ್ ಇನ್ನೂ ಹುಟ್ಟಿಲ್ಲಪಾ," ಎಂದು ಕಿಶೋರ ನಕ್ಕು, ತಿರುಪಿಗೆ ಕೈ ಹಾಕಿದವನು ಕಾಶಪ್ಪನೇ ಎಂದು ಕಾಗದದಲ್ಲಿ ಬರೆದುಕೊಂಡರು. ಸೋಮವಾರದಿಂದ ಕಾಶಪ್ಪನಿಗೆ ಕೆಲಸವಿಲ್ಲ ಎಂದಾಯಿತು. ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಇಬ್ಬರೂ ರೈಲು ಹಿಡಿದರು.

ಅವರು ಹೋದ ಮೇಲೆ ಹಣಮಂತ್ರಾಯರ ತಲೆಯಲ್ಲಿ ಒಂದು ಗಂಟು ಬಿತ್ತು. ಡ್ರೈವರ್ ತಿರುಪು ತಿರುವುವುದು ಗಾಡಿ ಜೋರಾಗಿ ಓಡಲೆಂದು. ಹಾಗಾದರೆ ಜೋರು ಇಳಿದದ್ದು ಹೇಗೆ? ಅಡ್ಡಾಡಿಸಿ ನೋಡಿದರು. ಮೊದಲ ಸಲ ಎಕ್ಸಲರೇಟರ್ ಒತ್ತಿದರೆ ಗಾಡಿ ಹುಲಿಯಂತೆ ಜಿಗಿಯಿತು. ಕಾಲು ತೆಗೆದು ಮತ್ತೆ ಒತ್ತಿದರೆ ಮುದಿ ಎಮ್ಮೆಯಾಯಿತು. ತಿರುಪು ಎಣಿಸಿದರು: ತಾವು ಬಿಟ್ಟಷ್ಟೇ ಸುತ್ತು. ಡಬ್ಬಿ ಬದಲಿಸಿದರು, ನಳಿಗೆ ಬದಲಿಸಿದರು. ಅದೇ ಹುಲಿ, ಅದೇ ಎಮ್ಮೆ. ಶುಕ್ರವಾರ ಹೋಯಿತು, ಶನಿವಾರವೂ ಹೋಯಿತು.

"ಗಾಡಿ ಕೆಟ್ಟದೋ ನೀವು ಕೆಟ್ಟೀರೋ? ರೊಟ್ಟಿ ಆರಾಕ ಹತ್ಯಾವ," ಎಂದು ಮನೆಯಲ್ಲಿ ಹೆಂಡತಿ ಅನುಸೂಯಾ ಗದರಿದರು.

"ಅವ ಮುಟ್ಟಿಲ್ಲಂದ್ರ ಮತ್ಯಾರು ಮುಟ್ಯಾರ? ನನಗ ತಿಳಿವಲ್ದು, ಅನುಸೂಯಾ."

ಭಾನುವಾರ ಗ್ಯಾರೇಜಿನ ಬೀಗ ತೆಗೆಸಿ, ತಿರುಪನ್ನೇ ಬಿಚ್ಚಿ ಬಾಯಿಗಿಟ್ಟು ಊದಿದರು. ಕಾಲು ತೆಗೆದಾಗ ನಳಿಗೆಯಲ್ಲಿ ಸಿಕ್ಕ ಗಾಳಿ ಹೊರಹೋಗಲೆಂದು ತಿರುಪಿನ ಪಕ್ಕದಲ್ಲಿ ಸೂಜಿಯ ಮೊನೆಯಷ್ಟು ತೂತು ಇರುತ್ತದೆ. ಗಾಳಿ ಅಲ್ಲಿಂದ ಬರಲಿಲ್ಲ. ಸೂಜಿ ತೂರಿಸಿದರೆ ತುದಿಗೆ ಕೆಂಪು ಹತ್ತಿತು. ಮೂಸಿ ನೋಡಿದರು. ಎಣ್ಣೆಯಲ್ಲಿ ಕಲಸಿದ ಕುಂಕುಮ.

ಖಂಡೆ ಪೂಜೆ, ಅಂದರೆ ಆಯುಧಪೂಜೆಯ ದಿನ ಗ್ಯಾರೇಜಿನ ಬೋಲ್ಟು ಬಿಗಿಯುವ ಪಾನಾ, ಜ್ಯಾಕು, ಗಾಡಿಗಳಿಗೆಲ್ಲ ಬೊಟ್ಟಿಟ್ಟವರು ಅವರೇ. ತಮ್ಮ ಕೈಯಾರೆ ಕೂಡಿಸಿದ ಆ ಹಿತ್ತಾಳೆಯ ತಿರುಪು ಫಳಫಳ ಹೊಳೆಯುತ್ತಿದ್ದುದರಿಂದ ಅದಕ್ಕೊಂದು ದೊಡ್ಡ ಬೊಟ್ಟನ್ನೇ ಇಟ್ಟಿದ್ದರು. ಅದು ಕಾವಿಗೆ ಇಳಿದು ಗೆರೆಯನ್ನು ಕದಡಿ, ತೂತಿನಲ್ಲಿ ಕೂತು ಗಟ್ಟಿಯಾಗಿತ್ತು. ಗಾಳಿ ನಳಿಗೆಯ ಒಳಗೇ ಉಳಿದು, ಒತ್ತಡ ಬಿಡುವ ಬಾಗಿಲು ತೆರೆದೇ ಇದ್ದು, ಎರಡನೆಯ ಸಲ ಒತ್ತಿದರೆ ಒತ್ತಡ ಏರುತ್ತಿರಲಿಲ್ಲ.

"ಕಾಯ್ ರಾವ್, ನಿಮ್ಮ ಭಕ್ತಿ ಜಾಸ್ತಿ ಝಾಲಿ," ಎಂದು ಏಕನಾಥ ಶೇಠರು ತಮ್ಮ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿ ಹೊಟ್ಟೆ ಹಿಡಿದು ನಕ್ಕರು. "ತೂತು ಸಾಫ್ ಕರಾ, ಗಾಡಿ ಕಳಿಸ್ರಿ. ಯಾರಿಗೆ ಗೊತ್ತಾಗ್ತದ?"

ಹಣಮಂತ್ರಾಯರು ನಗಲಿಲ್ಲ. ಸೋಮವಾರ ಮುಂಜಾನೆ ತಾವೇ ಗಾಡಿ ಹೊಡೆದುಕೊಂಡು ಕುರಕುಂಭಕ್ಕೆ ಹೋದರು. ಕಾಶಪ್ಪ ಗೇಟಿನ ಹೊರಗೆ ಚೀಲ ಹಿಡಿದು ನಿಂತಿದ್ದ. ಅವನ ರಟ್ಟೆ ಹಿಡಿದು ಒಳಗೆ ಕರೆದೊಯ್ದು, ಎಲ್ಲ ಡ್ರೈವರುಗಳ ಎದುರಿಗೆ ಕುಂಕುಮದ ಕಥೆ ಬಿಚ್ಚಿಟ್ಟು ಕಿಶೋರರಿಗೆ ಹೇಳಿದರು:

"ಸಾಹೇಬ್ರ, ಬೊಟ್ಟು ಇಟ್ಟಾಂವ ನಾ, ಇವನ ಕಡೆ ಬಟ್ಟು ತೋರಿಸಿದಾಂವನೂ ನಾ. ಆ ಕಾಗದದಾಗ ಇವನ ಹೆಸರು ಹೊಡದು ನನ್ನ ಹೆಸರು ಬರೀರಿ."

ಕಿಶೋರರು ಕಾಗದವನ್ನೇ ಹರಿದು ಹಾಕಿದರು. "ಆತು. ಈಗ ಈ ಗಾಡಿಗೆ ಏನ ಹಾಕ್ತೀರಿ?"

ಹಣಮಂತ್ರಾಯರು ಕಾಶಪ್ಪನ ಕಡೆ ತಿರುಗಿ, "ನೀ ಹೇಳಪಾ, ಏನ ಹಾಕೂಣು?" ಎಂದರು. ಈ ಪ್ರಶ್ನೆಯನ್ನು ಡ್ರೈವರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

"ತಿರುಪು ಇಲ್ಲದ್ದು ಹಾಕ್ರಿ ಕಾಕಾ," ಎಂದ ಕಾಶಪ್ಪ. "ಮಂದಿ ಸಾಯೂ ಹೊತ್ತಿನ್ಯಾಗ ಗಾಡಿ ಹೊಡೀಬೇಕ್ರಿ. ಆಗ ನನ್ನ ಕೈ ಮ್ಯಾಲ ಯಾರಿಗೂ ಸಂಶಯ ಇರಬಾರದು."

ಹಾಗೆಯೇ ಆಯಿತು. ಆದರೆ ಬರೀ ಡಬ್ಬಿಯ ಒತ್ತಡ ಆ ಗಾಡಿಗೆ ಸಾಲದು. ಅದಕ್ಕೆಂದು ಹಣಮಂತ್ರಾಯರು ಬೇರೆ ಬೇರೆ ಬಿಗುವಿನ ಹನ್ನೊಂದು ಸ್ಪ್ರಿಂಗುಗಳನ್ನು ಡಬ್ಬಿಯೊಳಗೆ ಒಂದೊಂದಾಗಿ ಕೂಡಿಸಿ, ಭಾರಕ್ಕೆಂದು ಐವರನ್ನು ಕೂರಿಸಿಕೊಂಡು ಸೋಲಾಪುರ ರಸ್ತೆಯಲ್ಲಿ ಓಡಿಸಿ, ಒಂಬತ್ತನೆಯದನ್ನು ಆರಿಸಿದರು. ಹತ್ತನೆಯದೇ ಸರಿಯಿತ್ತೇನೋ ಎಂಬ ಗೊಂದಲ ಅವರಿಗೆ ಇಂದಿಗೂ ಇದೆ. ಆ ಗಾಡಿ ಮಾತ್ರ ಏಳು ವರ್ಷ ಓಡಿತು, ಕಾಶಪ್ಪನ ಕೈಯಲ್ಲೇ.

ಈಗ ಎರಡು ಸಾವಿರದ ಏಳು. ಮೂವತ್ತಮೂರು ವರ್ಷಗಳ ಸೇವೆ ಮುಗಿಸಿ ಹಣಮಂತ್ರಾಯರು ಮನೆಗೆ ಹೊರಟಿದ್ದಾರೆ. ಅವರ ಕಣ್ಣು ಮಸುಕಾಗದಿರಲಿ, ಕೈ ನಡುಗದಿರಲಿ, ಕೆಟ್ಟ ಗಾಡಿಗಳು ಅವರ ಮನೆಯ ಹಾದಿ ಮರೆಯದಿರಲಿ, ಅನುಸೂಯಾಬಾಯಿಯವರೊಡನೆ ಅವರು ಬಹುಕಾಲ ಬಾಳಲಿ ಎಂದು ಗ್ಯಾರೇಜಿನ ನಾವೆಲ್ಲ ಹಾರೈಸುತ್ತೇವೆ. ಬೀಳ್ಕೊಡುಗೆಯ ಸಮಾರಂಭದ ದಿನ ಅವರನ್ನು ಕರೆತರಲು ಶೇಠರು ತಮ್ಮ ಕಾರು ಕೊಟ್ಟಿದ್ದಾರೆ. ಅದನ್ನು ಬೇರೆ ಯಾರೂ ನಡೆಸಕೂಡದೆಂದು ಹಟ ಹಿಡಿದು, ಕಾಶಪ್ಪ ಮುನ್ನಾದಿನವೇ ಕುರಕುಂಭದಿಂದ ರಜೆ ಹಾಕಿ ಬಂದು ಕುಳಿತಿದ್ದಾನೆ.