ಶುಕ್ರವಾರ ಬರುವ ಮೇಲ್

ದೋಹಾಕ್ಕೆ ಬಂದ ಮೂರನೆಯ ದಿನ ಭಾನುವಾರ. ಬೆಳಗಿನ ಐದೂವರೆಗೆ ಎದ್ದು ನೋಡಿದರೆ ಇವರು ಬೂಟು ಹಾಕಿಕೊಳ್ಳುತ್ತಿದ್ದರು, ಬೀದಿಯಲ್ಲಿ ಸ್ಕೂಲ್ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಭಾನುವಾರ ಎಲ್ಲಿಗ್ರೀ ಹೊರಟ್ರಿ?"

"ಇಲ್ಲಿ ಇವತ್ತೇ ಸೋಮವಾರ ಕಣೇ."

ಮೈಸೂರಿನಲ್ಲಿ ಎಣ್ಣೆನೀರು ಹಾಕಿಕೊಂಡು ತಡವಾಗಿ ತಿಂಡಿ ತಿನ್ನುವ ದಿನ ಇಲ್ಲಿ ಎಲ್ಲರೂ ಓಡುವ ದಿನ. ರಜೆ ಶುಕ್ರವಾರ, ಶನಿವಾರ. ನಾಲ್ಕು ವರ್ಷವಾದರೂ ವಾರದ ತಲೆ ಯಾವುದು, ಬಾಲ ಯಾವುದು ಎಂದು ನನಗೆ ಒಮ್ಮೊಮ್ಮೆ ತಪ್ಪುತ್ತದೆ.

ನಾವಿರುವುದು ದೋಹಾದ ಅಂಚಿನ ಮುಐದರ್‌ನಲ್ಲಿ. ಹೊರಗಿನಿಂದ ದೊಡ್ಡ ವಿಲ್ಲಾ. ಒಳಗೆ ಪ್ಲೈವುಡ್ ಹೊಡೆದು ಆರು ಸಂಸಾರ. ಗೋಡೆಯಾಚೆ ಮಂಗಳೂರಿನ ಸುಮತಿ. ನಾನು ಒಗ್ಗರಣೆ ಹಾಕಿದರೆ ಅವಳು ಸೀನುತ್ತಾಳೆ. ಊರಿನಲ್ಲಿ ಹುಳಿ ಬರಲು ರಾತ್ರಿಯಿಡೀ ಬೇಕಿದ್ದ ದೋಸೆಹಿಟ್ಟು ಇಲ್ಲಿ ಬೇಸಿಗೆಯಲ್ಲಿ ಬಾಗಿಲಾಚೆ ಇಟ್ಟರೆ ಮೂರೇ ಗಂಟೆಯಲ್ಲಿ ಉಕ್ಕುತ್ತದೆ. ಅದನ್ನು ಕಲಿಯುವಷ್ಟರಲ್ಲಿ ಎರಡು ಪಾತ್ರೆ ಹಿಟ್ಟು ಹುಳಿಯಾಗಿತ್ತು. ಅಂಗಡಿಯಲ್ಲಿ 'ಮಾಫಿ' ಎಂದರೆ ಇಲ್ಲ, 'ಖಲಾಸ್' ಎಂದರೆ ಮುಗಿಯಿತು. ನನ್ನ ಅರಬ್ಬಿ ಹೆಚ್ಚುಕಡಿಮೆ ಇಷ್ಟೇ, ಇದರಲ್ಲೇ ನಡೆದಿದೆ.

ಸುಮತಿಯ ಗಂಡ, ನನ್ನ ಗಂಡ ಇಬ್ಬರೂ ಒಂದೇ ಸ್ಪೇನ್ ಕಂಪನಿಯವರು; ರಾಸ್ ಲಫಾನ್‌ನಲ್ಲಿ ಗ್ಯಾಸ್ ಪೈಪು ಹಾಕುವ ಗುತ್ತಿಗೆ. ಸ್ಪೇನನ್ನು ನಾನು ಕಂಡಿಲ್ಲ. ಆದರೆ ಗ್ರೀಸ್ ಸಾಲ ತೀರಿಸಲಾರದು, ಮುಂದಿನ ಸರದಿ ಸ್ಪೇನಿನದು ಎಂಬ ಸುದ್ದಿ ಎದ್ದಾಗಿನಿಂದ, ಸ್ಪೇನಿನ ಬಾಂಡಿಗೆ, ಅಂದರೆ ಸರಕಾರ ಬರೆದುಕೊಡುವ ಸಾಲಪತ್ರಕ್ಕೆ, ಇವತ್ತು ಬಡ್ಡಿ ಏರಿತೋ ಇಳಿಯಿತೋ ಎಂದು ಟೀವಿಯಲ್ಲಿ ನೋಡದೆ ನಾನು ಅಕ್ಕಿ ತೊಳೆಯುವುದಿಲ್ಲ. ಅದು ಏರಿದರೆ ಅಲ್ಲಿನ ಬ್ಯಾಂಕುಗಳು ಕೈ ಬಿಗಿ ಹಿಡಿಯುತ್ತವೆ. ಇಲ್ಲಿ ಪೈಪಿನ ಕೆಲಸ ನಿಲ್ಲುತ್ತದೆ. ಕೆಲಸ ಹೋದರೆ ವೀಸಾ ರದ್ದು. ಸಂಸಾರ ಸಮೇತ ದೇಶ ಬಿಡಬೇಕು.

ಮ್ಯಾಡ್ರಿಡ್‌ನ ಹೆಡ್ ಆಫೀಸಿನವರಿಗೆ ಶುಕ್ರವಾರ ಕೆಲಸದ ಕೊನೆಯ ದಿನ. ಕೆಟ್ಟ ಸುದ್ದಿ ಇದ್ದರೆ ಅಂದು ಮೇಲ್ ಬರೆದು ಮನೆಗೆ ಹೋಗುತ್ತಾರೆ. ನಮಗದು ರಜೆಯ ಊಟದ ಎಲೆಯ ಮುಂದೆ ತಲುಪುತ್ತದೆ. ಕೇಳೋಣವೆಂದರೆ ಸೋಮವಾರದವರೆಗೆ ಅಲ್ಲಿ ಯಾರೂ ಇಲ್ಲ.

ಜೂನಿನ ಒಂದು ಶುಕ್ರವಾರ, ಕತಾರ್ ಶಾಖೆ ಮುಚ್ಚುವ ಬಗ್ಗೆ ಸೋಮವಾರ ತೀರ್ಮಾನ ಎಂದು ಮೇಲ್ ಬಂತು. ಮೈಸೂರಿನಿಂದ ಅಣ್ಣ, "ಇಲ್ಲಿ ಸ್ಕೂಲಿಗೆ ಸೇರ್ಸೋಕೆ ಇದೇ ಕೊನೇ ವಾರ ಕಣಮ್ಮ" ಎಂದ. ಭಾನುವಾರ ಬೆಳಿಗ್ಗೆ ನಾನೇ ಹೋಗಿ ಎಂಟನೇ ತರಗತಿಯ ಮಗಳ ಟಿಸಿ ತೆಗೆಸಿದೆ. ಸೋಮವಾರ ನೋಡಿದರೆ, ಯೂರೋಪಿನ ದೇಶಗಳೆಲ್ಲ ಸೇರಿ ಸ್ಪೇನಿನ ಬ್ಯಾಂಕುಗಳಿಗೆ ನೆರವು ಕೊಡುತ್ತವಂತೆ. ಮಾರುಕಟ್ಟೆ ಏರಿತು. ಮುಚ್ಚುವ ಮಾತು ಮುಂದಕ್ಕೆ ಹೋಯಿತು.

ಮಂಗಳವಾರ ಟಿಸಿ ಹಿಡಿದು ವಾಪಸು ಓಡಿದೆ. ಕಿಟಕಿಯ ಹಿಂದಿನ ಮಲಯಾಳಿ ಗುಮಾಸ್ತ ತನ್ನ ಹಿಂದಿಯಲ್ಲಿ ಹೇಳಿದ: "ಸೀಟ್ ಖಲಾಸ್, ಚೇಚಿ. ವೇಟಿಂಗ್ ಲಿಸ್ಟಿನವರಿಗೆ ಕೊಟ್ಟಾಯ್ತು. ನಿಮ್ಮ ಹೆಸರು ಮೊದಲಿಗೇ ಬರೀತೀನಿ. ಯಾರಾದ್ರೂ ದೇಶ ಬಿಟ್ರೆ ನೀವು ಬನ್ನಿ."

ಮಗಳೊಬ್ಬಳನ್ನೇ ಮೈಸೂರಿಗೆ ಕಳಿಸಲು ಮನಸ್ಸು ಬರಲಿಲ್ಲ. ಸುಮತಿಯ ಮಗನೂ ಎಂಟನೇ ತರಗತಿ. ಅವನ ನೋಟ್ಸ್ ತಂದು ಮಗಳು ಬರೆದುಕೊಳ್ಳುತ್ತಾಳೆ. "ಅಮ್ಮಾ, ಯಾರಾದ್ರೂ ಕೇಳಿದ್ರೆ ನಾನು ಯಾವ ಸ್ಕೂಲ್ ಅಂತ ಹೇಳ್ಬೇಕು?" ಎನ್ನುತ್ತಾಳೆ. ಊರಿಗೆಂದು ತುಂಬಿದ ಸೂಟ್‌ಕೇಸು ಮಂಚದ ಕೆಳಗೆ ಅರ್ಧ ಬಿಚ್ಚಿಕೊಂಡು ಬಿದ್ದಿದೆ.

ಮೊನ್ನೆ ಶುಕ್ರವಾರ ಸುಮತಿ ನೀರುದೋಸೆ ಹಿಡಿದು ಬಂದಳು. ಗಂಡನ ಹೆಸರು ಕೆಲಸದಿಂದ ತೆಗೆಯುವವರ ಪಟ್ಟಿಯಲ್ಲಿದೆಯಂತೆ, ಸೋಮವಾರ ಖಚಿತವಾಗುತ್ತದಂತೆ. ಇವರ ಹೆಸರು ಅದರಲ್ಲಿಲ್ಲ.

"ಎಂತ ಮಾಡುದು ಅಕ್ಕ. ನಮ್ಮ ಹುಡುಗ ಬಿಟ್ರೆ ನಿಮ್ಮ ಹುಡುಗಿಗೆ ಸೀಟಾದ್ರೂ ಆಯ್ತಲ್ಲ," ಎಂದು ನಕ್ಕಳು. "ಟಿಸಿ ಕೊಡುದು ಯಾವ ಕಿಟಕಿಯಲ್ಲಿ? ಭಾನುವಾರವೇ ಹೋಗಿ ಬರ್ತೇನೆ."

ಎರಡನೆಯ ಕಿಟಕಿ. ಅದು ಗೊತ್ತಿದ್ದವಳು ನಾನೇ. ಹೇಳಿಬಿಟ್ಟರೆ ಮುಗಿಯುತ್ತಿತ್ತು. ದೋಸೆಯ ಪಾತ್ರೆಯ ಮುಚ್ಚಳ ತೆಗೆದೆ, ಹಾಕಿದೆ.

"ನನ್ನ ಹಾಗೆ ಮಾಡ್ಕೋಬೇಡ. ಸೋಮವಾರದ ತನಕ ತಡಿ, ಸುಮತಿ."

ಇವತ್ತು ಭಾನುವಾರ. ಮ್ಯಾಡ್ರಿಡ್‌ನಲ್ಲಿ ರಜೆ, ಮೈಸೂರಿನಲ್ಲಿ ಎಣ್ಣೆನೀರು, ಇಲ್ಲಿ ಕೆಲಸ. ಇದನ್ನು ನಾನು ಯಾವ ಊರಿನ ದಿನವೆಂದು ಕಳೆಯಲಿ? ಗೋಡೆಯಾಚೆ ಸುಮತಿಯ ಮಗ ಸ್ಕೂಲ್ ಬಸ್ಸಿಗೆ ಓಡಿದ್ದು ಕೇಳಿಸಿತು. ಈಚೆ ನನ್ನ ಮಗಳು, ಯಾರೂ ಹೇಳದೆ, ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ದೇವರ ಮುಂದೆ ದೀಪ ಹಚ್ಚಿ ನಿಂತಿದ್ದೇನೆ. ನಾಳೆಗೆ ಏನು ಕೇಳಿಕೊಳ್ಳಬೇಕೆಂದು ತೋಚುತ್ತಿಲ್ಲ.