ಅಮ್ಮನ ಫೋನು ಮತ್ತು ಮೂರನೆಯ ಕರೆ

ಅಮ್ಮನ ಫೋನನ್ನು ಚಾರ್ಜಿಗೆ ಇಟ್ಟಾಗಲೆಲ್ಲ ನಮ್ಮ ನಡುಮನೆಗೆ ಬೂಸಾ ವಾಸನೆ ಬರುತ್ತದೆ. ಹಗಲೆಲ್ಲ ಎಲೆಅಡಿಕೆ ಸಂಚಿಯೊಳಗೋ ಹಸುಗಳ ಬೂಸಾ ಚೀಲದ ಮೇಲೋ ಬಿದ್ದಿರುವ ವಸ್ತು ಬಿಸಿಯೇರಿದರೆ ಮಲ್ಲಿಗೆ ಘಮ ಬಂದೀತೇ? ಈಗಲೂ ಬರುತ್ತಿದೆ. ಈ ವಾಸನೆ ಮೂಗಿಗೆ ಬಡಿದರೆ ನನಗೆ ನಗು ಬರುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಹೊತ್ತು ಕೂತುಕೊಳ್ಳಿ.

ನಮ್ಮೂರು ಕಾಮಸಮುದ್ರದ ಆಚೆ, ಕಾಡಿನ ಅಂಚಿನಲ್ಲಿದೆ. ನಾನು ದಿನಾ ಬಸ್ಸು ಹತ್ತಿ ಬಂಗಾರಪೇಟೆಗೆ ಹೋಗಿ, ವಕೀಲರೊಬ್ಬರ ಕಚೇರಿಯಲ್ಲಿ ಟೈಪು ಮಾಡಿ ಸಂಜೆ ಮರಳುವವಳು. ಅಮ್ಮ ಹಸುಗಳನ್ನು ಹೊಡೆದುಕೊಂಡು ಕೆರೆಯಂಗಳಕ್ಕೆ ಹೋಗುವವಳು. ಆ ಕಡೆಗೆ ಆಗಾಗ ಆನೆಗಳು ಇಳಿಯುತ್ತವೆ. ಇಳಿದ ಸುದ್ದಿ ಬಸ್ಸಿನವರ ಬಾಯಿಂದ ಬಂಗಾರಪೇಟೆಗೆ ಬೇಗ ಬಂದುಬಿಡುತ್ತದೆ, ಕೆರೆಯಂಗಳದಲ್ಲಿರುವ ಅಮ್ಮನಿಗೆ ಮಾತ್ರ ತಲುಪುವುದಿಲ್ಲ. ಆದ್ದರಿಂದ ಅವಳಿಗೊಂದು ಫೋನು ಬೇಕು, ಅದನ್ನು ಅವಳು ಎತ್ತಲೇಬೇಕು ಎಂದು ನಾನು ಹಟ ತೊಟ್ಟೆ. ಹಟ ನಮ್ಮ ಮನೆಯ ಆಸ್ತಿ. ಅದೂ ಅಮ್ಮನ ಕಡೆಯಿಂದಲೇ ಬಂದದ್ದು.

ಮೊದಲು ಕೊಟ್ಟದ್ದು ನನ್ನದೇ ಹಳೆಯ ಟಚ್ ಫೋನು. ಸಗಣಿ ಬಾಚಿ, ಹುಲ್ಲು ಕೊಯ್ದು ಒರಟಾದ ಬೆರಳನ್ನು ಆ ಗಾಜು ಬೆರಳೆಂದೇ ಒಪ್ಪಲಿಲ್ಲ. ಅಮ್ಮ ಅದನ್ನು ಸವರಿದಳು, ಒತ್ತಿದಳು, ಗದರಿಸಿದಳು. ಕೊನೆಗೆ ಎಲೆಅಡಿಕೆ ಹಾಕಿದ ಮೇಲೆ ತುಟಿ ಕೆಂಪಾಯಿತೇ ಎಂದು ನೋಡಿಕೊಳ್ಳುವ ಕನ್ನಡಿ ಮಾಡಿಕೊಂಡಳು.

ಸೋಲೊಪ್ಪುವವಳು ನಾನಲ್ಲ. ರಾಬರ್ಟ್‌ಸನ್‌ಪೇಟೆಯ ಅಂಗಡಿಯೊಂದಕ್ಕೆ ಹೋಗಿ, ವಯಸ್ಸಾದವರಿಗೆ ಸುಲಭವಾದದ್ದು ಬೇಕು ಎಂದೆ. ಅಂಗಡಿಯವನು ತಮಿಳು ಬೆರೆತ ಕನ್ನಡದಲ್ಲಿ ಹೊಗಳಿ ಹೊಗಳಿ ಒಂದು ಫೋನು ತೆಗೆದ. ಅವರೆಕಾಳಿನಷ್ಟು ದಪ್ಪದ ಗುಂಡಿಗಳು, ಟಾರ್ಚು, ಊರೆಲ್ಲ ಏಳುವಂಥ ಸದ್ದು. ಜೊತೆಗೆ, ಕರೆ ಮಾಡಿದವರ ಹೆಸರನ್ನು ಅದೇ ಕೂಗಿ ಹೇಳುತ್ತದಂತೆ. ಇನ್ನೇನು ಬೇಕು? ಹಸಿರು ಗುಂಡಿ ಒತ್ತುವುದನ್ನು ಎದುರಿಗೆ ಕೂತು ಕಲಿಸಿದೆ. ಅಮ್ಮ ಒಂದೇ ಪಾಠಕ್ಕೆ ಕಲಿತಳು.

ಆದರೆ ನಾನು ಬಂಗಾರಪೇಟೆ ಸೇರಿದ್ದೇ ತಡ, ಅಮ್ಮ ಫೋನು ಎತ್ತುತ್ತಿರಲಿಲ್ಲ. ಒಂದೆರಡು ಸಲ ಮಾಡಿ ಬಿಟ್ಟುಬಿಡುತ್ತಿದ್ದೆ. ಕಿವಿ ಮಂದವಾಯಿತೇನೋ ಎಂದು ಸದ್ದು ಬದಲಿಸಿದೆ. ಎಲ್ಲೋ ಇಟ್ಟು ಮರೆಯುತ್ತಾಳೇನೋ ಎಂದು ದಾರ ಕಟ್ಟಿ ಕೊರಳಿಗೆ ಹಾಕಿದೆ. ಹಸುವಿಗೊಂದು ಗಂಟೆ, ನನಗೊಂದು ಗಂಟೆ ಎಂದು ಅಮ್ಮ ನಕ್ಕಳು. ನಕ್ಕಳೇ ಹೊರತು ಎತ್ತಲಿಲ್ಲ.

ಒಂದು ದಿನ ಮಧ್ಯಾಹ್ನ ನಮ್ಮ ಕಡೆಯ ಬಸ್ಸಿನ ಕಂಡಕ್ಟರು, ಆನೆಗಳು ಕೆರೆಯ ಹತ್ತಿರ ಬಂದಿವೆ ಎಂದ. ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ವಕೀಲರಿಗೂ ಹೇಳದೆ ಅದೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯ ಸರಳು ಹಿಡಿದು ಕೂತಿದ್ದೆ.

ಮನೆಗೆ ಬಂದರೆ ಅಮ್ಮ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾಳೆ! ಕೊರಳಲ್ಲಿ ಫೋನು, ಕೊಟ್ಟಿಗೆಯಲ್ಲಿ ಹಸುಗಳು. ಆನೆಗಳು ಬೇರೆ ದಿಕ್ಕಿಗೆ ಹೋಗಿದ್ದವಂತೆ. ಫೋನು ಕೇಳಿಸಲಿಲ್ಲವೇ ಎಂದು ಕಿರುಚಿದೆ.

“ಕೇಳಿಸ್ತು. ಎಲ್ಡು ಸತಿ ಒಡ್ಕೊಂತು.”

“ಮತ್ತೆ ಯಾಕಮ್ಮ ಎತ್ಲಿಲ್ಲ?”

“ಮೂರ್ನೇ ಸತಿ ನೀನು ಮಾಡ್ಲೇ ಇಲ್ವಲ್ಲ ಕಣಮ್ಮ.”

ಆಗ ತಿಳಿಯಿತು. ಕಣ್ಣಿಗೆ ಕಾಣದವರು ಕರೆದರೆ ಮೂರನೆಯ ಸಲಕ್ಕೇ ಓಗೊಡಬೇಕು ಎಂಬುದು ನಮ್ಮ ಹಳ್ಳಿಗಳ ಹಳೆಯ ಕಟ್ಟಳೆ. ದೆವ್ವ ಗುರುತಿನವರ ದನಿಯಲ್ಲೇ ಕರೆಯುತ್ತದೆ, ಆದರೆ ಮೂರನೆಯ ಸಲ ಕರೆಯುವುದಿಲ್ಲ ಎಂಬ ನಂಬಿಕೆ. ಅಮ್ಮ ಹುಡುಗಿಯಾಗಿದ್ದಾಗ, ಒಂದು ಮುಸ್ಸಂಜೆ, ಅವಳ ಅಕ್ಕ ಹಿತ್ತಿಲಲ್ಲಿ ಯಾರಿಗೋ “ಓ” ಎಂದು ಹೊರಗೆ ಹೋದಳಂತೆ. ಪಕ್ಕದಲ್ಲೇ ಪಾತ್ರೆ ತಿಕ್ಕುತ್ತಿದ್ದ ಅಮ್ಮನಿಗೆ ಕೇಳಿಸಿದ್ದು ಆ ಓ ಮಾತ್ರ. ಮನೆಯವರು ಯಾರೂ ಕರೆದಿರಲಿಲ್ಲ. ಮಾರನೆಯ ದಿನ ಜ್ವರ ಬಂದು ಮಲಗಿದ ಅಕ್ಕ ಮತ್ತೆ ಏಳಲಿಲ್ಲ.

ಫೋನೇ ನನ್ನ ಹೆಸರು ಹೇಳುತ್ತದಲ್ಲ ಎಂದೆ. “ಎಸ್ರು ಅದಕ್ಕೂ ಗೊತ್ತಿರ್ತದೆ” ಎಂದಳು ಅಮ್ಮ, ದೆವ್ವವನ್ನು ಬಾಯಿಬಿಟ್ಟು ಹೆಸರಿಸದೆ.

ಅವಳ ಅಕ್ಕನ ಕಥೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನ್ನಿಂದಾಗಲಿಲ್ಲ. ಹಾಗೆಂದು ಅಮ್ಮನನ್ನು ಆನೆಗೆ ಬಿಟ್ಟುಕೊಡಲೂ ಆಗದು. ಫೋನು ಎತ್ತಿದರೆ ಓಗೊಟ್ಟ ಹಾಗಲ್ಲವಲ್ಲ ಎಂದು ಚೌಕಾಸಿಗೆ ಕೂತೆ. ಅಮ್ಮ ಎಲೆ ಮುಗಿಯುವವರೆಗೂ ಯೋಚಿಸಿದಳು. ಮೊದಲ ಸದ್ದಿಗೇ ಎತ್ತಿ ಕಿವಿಗೆ ಇಟ್ಟುಕೊಳ್ಳುತ್ತಾಳಂತೆ, ಆದರೆ ಬಾಯಿ ಬಿಡುವುದಿಲ್ಲವಂತೆ. ನಾನು ಮೂರು ಸಲ ಕರೆಯಬೇಕಂತೆ. ಒಪ್ಪಿದೆ.

ಅಂದಿನಿಂದ ಅಮ್ಮ ಫೋನು ತಕ್ಷಣ ಎತ್ತುತ್ತಾಳೆ. ಆ ಕಡೆ ಹಸುವಿನ ಗಂಟೆ, ಅಮ್ಮನ ಉಸಿರು, ಅಷ್ಟೇ. ನಾನು ಬಸ್ಸಿನಲ್ಲಿ ಕೂತು ಅಮ್ಮಾ, ಅಮ್ಮಾ, ಅಮ್ಮಾ ಎನ್ನುತ್ತೇನೆ. ಪಕ್ಕದವರು ಟವರ್ ಸಿಗುತ್ತಿಲ್ಲವೇನೋ ಎಂದು ಕನಿಕರದಿಂದ ನೋಡುತ್ತಾರೆ. ಆಮೇಲೆ ಕೇಳಿಸುತ್ತದೆ: “ಊಂ, ಏಳು.” ಹೇಳು ಎಂಬುದು ಅಮ್ಮನ ಬಾಯಲ್ಲಿ ಏಳು.

ಕಳೆದ ವಾರ ಆನೆಗಳು ನಿಜಕ್ಕೂ ಕೆರೆಯಂಗಳಕ್ಕೇ ಇಳಿದವು. ಸುದ್ದಿ ಕೇಳಿ ಫೋನು ಮಾಡಿದೆ. ಎತ್ತಿದಳು. “ಅಮ್ಮಾ” ಎಂದೆ. ಅಳು ಒತ್ತಿಕೊಂಡು ಬಂದು ಎರಡನೆಯ ಕರೆ ಗಂಟಲಿಂದ ಹೊರಡಲೇ ಇಲ್ಲ. ಅಷ್ಟರಲ್ಲಿ ಆ ಕಡೆಯಿಂದ ದನಿ ಬಂತು: “ಏಳು ಮಗಾ, ಏನಾಯ್ತು?” ಹೇಳಿದೆ. ಹಸುಗಳನ್ನು ತಿರುಗಿಸಿಕೊಂಡು ಮನೆ ಸೇರಿದಳು.

ಸಂಜೆ ಕೇಳಿದೆ, ಒಂದೇ ಕರೆಗೆ ಹೇಗೆ ಓಗೊಟ್ಟೆ, ದೆವ್ವವಾಗಿದ್ದರೆ? ಅಮ್ಮ ಸಂಚಿಯ ದಾರ ಬಿಚ್ಚುತ್ತ ನನ್ನತ್ತ ನೋಡದೆಯೇ ಅಂದಳು, “ಮಗಳು ಅಳ್ತಾ ಕರೀವಾಗ ಯಾರಾದ್ರೂ ಎಣಿಸ್ಕೊಂಡು ಕೂತಿರ್ತಾರಾ? ಅದೇ ಆಗಿದ್ರೆ ಆಗ್ಲಿ ಅಂದ್ಕೊಂಡೆ.”

ಈಗ ನಾನು ಎಷ್ಟೇ ಅವಸರವಿದ್ದರೂ ಮೂರು ಕರೆ ಮುಗಿಸಿಯೇ ಮಾತಾಡುತ್ತೇನೆ. ನನಗಾಗಿ ಅವಳು ಇನ್ನೊಮ್ಮೆ ಅಂಥ ಧೈರ್ಯ ಮಾಡುವುದು ಬೇಡ.

ಚಾರ್ಜು ತುಂಬಿದೆ, ಬೂಸಾ ವಾಸನೆಯೂ ತುಂಬಿದೆ. ಹಿತ್ತಿಲಿಂದ ಅಮ್ಮ ನನ್ನ ಹೆಸರು ಹಿಡಿದು ಕೂಗುತ್ತಿದ್ದಾಳೆ. ಮೊದಲ ಕೂಗಿಗೇ ಓಗೊಟ್ಟರೆ ಅವಳ ಎದೆ ಧಸಕ್ಕೆನ್ನುತ್ತದೆ. ಸ್ವಲ್ಪ ತಾಳಿ, ಇನ್ನೊಂದು ಕೂಗು ಬಾಕಿ ಇದೆ.