ಮೂವತ್ತರ ಜಾಗ

ಸಕುಮಾ ಟೀಚರಿಗೆ ಮಕ್ಕಳಿಗಿಂತ ಕರಿಹಲಗೆಯ ಮೇಲೆ ಪ್ರೀತಿ ಹೆಚ್ಚು. ಇದು ಯಾರೋ ಆಡಿಕೊಂಡ ಮಾತಲ್ಲ. ಬಾರ್ಲಿ ಚಹಾ ಹೀರುತ್ತ ಅವಳೇ ಹೇಳಿಕೊಳ್ಳುತ್ತಿದ್ದದ್ದು. ಶಾಲೆಯ ಫೋಟೋಕ್ಕೆ ಕರೆದಾಗಲೂ, ತನ್ನ ಮೋರೆಗಿಂತ ತನ್ನ ಬೋರ್ಡು ಲಕ್ಷಣವಾಗಿದೆ, ಅದನ್ನೇ ತೆಗೆದುಕೊಳ್ಳಿ ಎಂದಿದ್ದಳು.

ಅವಳ ತರಗತಿಯಲ್ಲಿ ಗಣಿತದ ಪಾಠ ಮುಗಿಯುವವರೆಗೆ ಹಲಗೆ ಒರೆಸುವಂತಿಲ್ಲ. ಮೊದಲು ಪ್ರಶ್ನೆ, ಕೊನೆಗೆ ತೀರ್ಮಾನ, ನಡುವೆ ಮಕ್ಕಳ ಉತ್ತರಗಳು. ಸರಿಯಿರಲಿ ತಪ್ಪಿರಲಿ, ಪ್ರತಿ ಉತ್ತರದ ಪಕ್ಕದಲ್ಲಿ ಹೇಳಿದವರ ಹೆಸರಿನ ಅಯಸ್ಕಾಂತದ ಬಿಲ್ಲೆ. ಯಾವ ತಪ್ಪು ಎಲ್ಲಿ ಕೂರಬೇಕೆಂದು ಸಕುಮಾ ಮೊದಲೇ ಗುರುತು ಹಾಕಿಡುವಳು. ತಪ್ಪುತ್ತರ ಬಾರದ ಪಾಠ ಮಿಸೊ ಹಾಕದ ಸಾರಿನಷ್ಟೇ ಸಪ್ಪೆ ಎಂದು ಅವಳ ನಂಬಿಕೆ.

ನಿವೃತ್ತಿಗೆ ಮುನ್ನ ಅವಳದೊಂದು ಕೊನೆಯ ತೆರೆದ ಪಾಠವಿತ್ತು. ಸುತ್ತಲಿನ ಶಾಲೆಗಳ ಶಿಕ್ಷಕರು ಪಾಠದ ಯೋಜನೆ ಹಿಡಿದು ಹಿಂದೆ ನಿಂತು ನೋಡುವರು. ಸಮಾಂತರ ಚತುರ್ಭುಜದ ವಿಸ್ತೀರ್ಣ: ಪಾದ ಆರು, ಓರೆಬದಿ ಐದು, ಎತ್ತರ ನಾಲ್ಕು. ಮಕ್ಕಳು ಆರೈದಲೆ ಮೂವತ್ತು ಎನ್ನಬೇಕು. ಆಗ ಅವಳು ರಟ್ಟಿನ ಪಟ್ಟಿಗಳ ಚೌಕಟ್ಟನ್ನು ಹೊರತೆಗೆದು ವಾಲಿಸುವಳು. ಬದಿಗಳು ಹಾಗೇ ಇದ್ದು ಒಳಗಿನ ಜಾಗ ಸೊರಗುವುದನ್ನು ಎಲ್ಲರೂ ನೋಡುವರು.

"ಮೂವತ್ತು ಅಂತ ಯಾರೂ ಹೇಳ್ಲಿಲ್ಲ ಅಂದ್ರೆ?" ಎಂದು ಉಪಮುಖ್ಯೋಪಾಧ್ಯಾಯ ಓನೊದೆರಾ ಕೆಣಕಿದ್ದ.

"ಚಿಜು ಇದಾಳಲ್ಲ. ತಪ್ಪುತ್ತರದ ವಿಷಯದಲ್ಲಿ ಆ ಹುಡುಗಿ ನನಗೆ ಇವತ್ತಿನವರೆಗೂ ಕೈಕೊಟ್ಟಿಲ್ಲ."

ಪಾಠದ ದಿನ ಸಕುಮಾ ಬೆಂಚುಗಳ ನಡುವೆ ಸುತ್ತು ಹಾಕಿದಳು. ಎಲ್ಲೆಲ್ಲೂ ಇಪ್ಪತ್ತನಾಲ್ಕು. ಚಿಜುವಂತೂ ಕಾಗದದ ತ್ರಿಕೋನ ಕತ್ತರಿಸಿ, ಆಚೆ ಬದಿಗೆ ಅಂಟಿಸಿ, ಆರು ನಾಲ್ಕಲೆ ಇಪ್ಪತ್ತನಾಲ್ಕು ಎಂದು ದುಂಡಗೆ ಬರೆದಿದ್ದಳು. ಬಗ್ಗಿದ ಟೀಚರ ಕಿವಿಯಲ್ಲಿ, "ಅಜ್ಜಿ ಹತ್ರ ಪಾಠ ಹೇಳಿಸ್ಕೊಂಡೆ ಟೀಚರ್. ಇಷ್ಟು ಜನರ ಮುಂದೆ ನಿಮ್ಮ ಮಾನ ಹೋಗ್ಬಾರ್ದಲ್ಲ" ಎಂದಳು.

ಒಂದು ಮಗು ತಾನಾಗಿ ಕಲಿತು ಬಂದರೆ ಎದೆಗೆ ಮುಳ್ಳು ಚುಚ್ಚಿದಂತಾಗುವ ಟೀಚರು ಪ್ರಪಂಚದಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡಳು ಸಕುಮಾ. ಇಪ್ಪತ್ತನಾಲ್ಕನ್ನು ಹಲಗೆಯ ಮೇಲೆ ಬರೆದಳು. ಆದರೂ ನಡುವೆ ಮೂವತ್ತಕ್ಕೆಂದು ಬಿಟ್ಟ ಖಾಲಿ ಜಾಗ ಉದುರಿದ ಮುಂಬಲ್ಲಿನ ಹಾಗೆ ಕಾಣುತ್ತಿತ್ತು. ಚೌಕಟ್ಟು ಇನ್ನು ಚೀಲದಲ್ಲೇ ಉಳಿಯುವುದು. ಕೊನೆಯ ಪಾಠ ಕೆಟ್ಟಿತು. ಹಿಂದೆ ಹಾಳೆಗಳು ಸರಬರ ಎಂದವು.

"ಬೇರೆ ಥರ ಯಾರಿಗಾದ್ರೂ ಬಂದಿದ್ಯಾ?" ಕೇಳಿದ ದನಿಯಲ್ಲಿ ಭಿಕ್ಷೆ ಇತ್ತು, ಅದು ಅವಳಿಗೇ ಕೇಳಿಸಿತು.

ಚಿಜು ಟೀಚರ ಮುಖ ನೋಡಿದಳು. ಪುಸ್ತಕ ಮುಚ್ಚಿ ಮೆಲ್ಲಗೆ ಎದ್ದು ನಿಂತಳು.

"ನನಗೆ ಮೂವತ್ತು ಬಂತು."

ತರಗತಿ ನಕ್ಕಿತು. ಹಿಂದೆ ನಿಂತವರು ನೆಮ್ಮದಿಯಿಂದ ಗುರುತು ಹಾಕಿಕೊಂಡರು. ಸಕುಮಾ ಖಾಲಿ ಜಾಗದಲ್ಲಿ ಮೂವತ್ತು ಎಂದು ಬರೆದಳು, ಎಂದಿನ ಅಂದದ ಅಕ್ಷರದಲ್ಲಿ. ಚಿಜುವಿನ ಬಿಲ್ಲೆ ಕೈಗೆತ್ತಿಕೊಂಡಳು. ಯೋಜನೆಯ ಪ್ರಕಾರ ಅದು ಇಲ್ಲೇ ಕೂರಬೇಕು.

ಅವಳು ಅದನ್ನು ಇಪ್ಪತ್ತನಾಲ್ಕರ ಪಕ್ಕಕ್ಕೆ ಅಂಟಿಸಿದಳು. ಟೀಚರುಗಳಿಗೆ ಬಿಲ್ಲೆ ಇರುವುದಿಲ್ಲ. ಹಾಗಾಗಿ ಮೂವತ್ತರ ಪಕ್ಕದಲ್ಲಿ ಸೀಮೆಸುಣ್ಣದಿಂದ 'ಸಕುಮಾ' ಎಂದು ಬರೆದು, ಚೀಲದಿಂದ ಚೌಕಟ್ಟನ್ನು ತೆಗೆದು ಚಿಜುವಿನ ಕೈಗಿತ್ತಳು.

"ಮೂವತ್ತು ಅನ್ನೋದು ನನ್ನ ಉತ್ತರ. ಯಾಕೆ ತಪ್ಪು ಅಂತ ನನಗೆ ತೋರಿಸು, ಬಾ."